ಸೊಳ್ಳೆ ಪರದೆಯ ಆಚೆ ನಡೆದ ಪಾಠ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇವೆ ಅಂದ ತಕ್ಷಣ ಜನ ಏನು ಕೇಳುತ್ತಾರೆ ಅನ್ನುವುದು ನನಗೆ ಬಾಯಿಪಾಠ ಆಗಿದೆ. ಪರೀಕ್ಷೆ ಹೇಗೆ ಕಟ್ಟುತ್ತಾರೆ? ಆಡೋಕೆ ಜೊತೆಗೆ ಯಾರಿರುತ್ತಾರೆ? ನಾಳೆ ಕಾಲೇಜಿಗೆ ಸೇರಿಸ್ಕೊಳ್ತಾರಾ? ಇದಕ್ಕೆಲ್ಲ ನನ್ನ ಹತ್ತಿರ ಉತ್ತರ ಇದೆ. ಹದಿನಾಲ್ಕು ತುಂಬಿದರೆ ಎನ್‌ಐಒಎಸ್ ಅನ್ನುವ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು, ಸಂಜೆ ಬೀದಿ ತುಂಬ ಮಕ್ಕಳಿದ್ದಾರೆ, ಹೀಗೆ. ಆದರೆ ಐದು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿತ್ತು. ನಾನೂ ಕೇಳಿಕೊಂಡಿರಲಿಲ್ಲ. ನೀನೇ ಹಾಸಿಗೆ ಹಿಡಿದರೆ ಪಾಠ ಯಾರು ಮಾಡ್ತಾರೆ?

ಶಾಲೆಯಲ್ಲಿ ಒಬ್ಬ ಟೀಚರಿಗೆ ಹುಷಾರಿಲ್ಲ ಅಂದರೆ ಪಕ್ಕದ ಕ್ಲಾಸಿನವರು ಬಂದು ಕೂರುತ್ತಾರೆ. ನಮ್ಮ ಮನೆಯಲ್ಲಿ ಇಡೀ ಶಾಲೆ ನಿಂತಿರುವುದು ಒಬ್ಬಳ ಮೈಮೇಲೆ. ಅದು ಎಷ್ಟು ತೆಳುವಾದ ಆಧಾರ ಅಂತ ಗೊತ್ತಾಗಲು ನನಗೆ ಡೆಂಗಿ ಬರಬೇಕಾಯಿತು.

ನಾವಿರುವುದು ಮಂಡ್ಯದಲ್ಲಿ. ಮಗಳಿಗೆ ಹನ್ನೊಂದು, ಮಗನಿಗೆ ಏಳು. ಮನೆಯವರು ಬೆಳಗ್ಗೆಯೇ ರೈಲು ಹಿಡಿದು ಮೈಸೂರಿಗೆ ಕೆಲಸಕ್ಕೆ ಹೋದರೆ ವಾಪಸ್ ಬರುವಾಗ ಕತ್ತಲಾಗಿರುತ್ತದೆ. ನಮ್ಮ ದಿನ ಶುರುವಾಗುವುದು ಪೇಪರಿನಿಂದ. ಮಳೆಗಾಲ ಬಂತು ಅಂದರೆ ಈ ಕಡೆಯವರೆಲ್ಲ ಮೊದಲು ನೋಡುವುದು ಕೆಆರ್‌ಎಸ್ ನೀರಿನ ಮಟ್ಟ ಅಲ್ವಾ? ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಮಗಳು ಜೂನ್ ತಿಂಗಳಿಂದ ಅದನ್ನು ಗ್ರಾಫ್ ಹಾಳೆಯಲ್ಲಿ ದಿನಕ್ಕೊಂದು ಚುಕ್ಕಿ ಇಟ್ಟು ಗೆರೆ ಎಳೆಯುತ್ತಾ ಬಂದಿದ್ದಾಳೆ. ಮಗನಿಗೆ ಅದರ ಪಕ್ಕದಲ್ಲಿ ನದಿಯ ಚಿತ್ರ. ತಲಕಾವೇರಿಯಿಂದ ಒಂದು ನೀಲಿ ಗೆರೆ ಹೊರಡುತ್ತದೆ, ಹೇಮಾವತಿಯದು ಒಂದು, ಲಕ್ಷ್ಮಣತೀರ್ಥದ್ದು ಒಂದು, ಮೂರೂ ಬಂದು ಅಣೆಕಟ್ಟೆಯಲ್ಲಿ ಸೇರುತ್ತವೆ. ಕೊಡಗಲ್ಲಿ ಮಳೆ ಹೊಡೆದರೆ ನಮ್ಮ ಚುಕ್ಕಿ ಮೇಲೆ ಹೋಗುತ್ತದೆ ಅನ್ನುವುದು ಅವನಿಗೆ ಗೊತ್ತು. ಬೇರೆ ಪಾಠಗಳಿಗೆ ಒಂದು ವೇಳಾಪಟ್ಟಿ ಇದೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಆ ವಾರದ ಪಟ್ಟಿಯಲ್ಲಿ ಕನ್ನಡಕ್ಕೆ ಪತ್ರಲೇಖನ ಇತ್ತು, ಗಣಿತಕ್ಕೆ ಭಿನ್ನರಾಶಿ, ವಿಜ್ಞಾನಕ್ಕೆ ಗಿಡದ ಬೇರು. ಬೇರು ನೋಡಲೆಂದೇ ಕಿಟಕಿಯ ಮೇಲೆ ಗಾಜಿನ ಲೋಟಗಳಲ್ಲಿ ನೀರು ಹಾಕಿ ಗೆಣಸು ಇಟ್ಟಿದ್ದೆವು. ಈ ಗೆಣಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಭಾನುವಾರ ರಾತ್ರಿ ಚಳಿ ಶುರುವಾಯಿತು. ಸೋಮವಾರ ಬೆಳಗ್ಗೆ ಕಣ್ಣಿನ ಹಿಂದೆ ಯಾರೋ ಬೆರಳಿಟ್ಟು ಒತ್ತುತ್ತಿರುವಂಥ ನೋವು, ಸೊಂಟ ಮುಟ್ಟಲು ಆಗುತ್ತಿಲ್ಲ, ಥರ್ಮಾಮೀಟರ್ ಇಟ್ಟರೆ 103. ಮನೆಯವರು ರಜೆ ಹಾಕುತ್ತೇನೆ ಅಂದರು, ನಾನೇ ಬೇಡ ಅಂದು ಕಳಿಸಿದೆ. ಎರಡು ದಿನದ ಜ್ವರ, ಮಾತ್ರೆ ನುಂಗಿದರೆ ಹೋಗುತ್ತದೆ ಅಂದುಕೊಂಡಿದ್ದೆ.

ಒಂಬತ್ತು ಗಂಟೆಗೆ ಸರಿಯಾಗಿ ಮಗಳು ನೋಟ್‌ಬುಕ್ ಹಿಡಿದು ಬಂದಳು. "ಅಮ್ಮಾ, ಇವತ್ತು ರಜೆ ಅರ್ಜಿ ಬರೆಯೋದು."

"ಇವತ್ತು ಆಗಲ್ಲ ಕಂದಾ."

ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ, "ಹಾಗಾದ್ರೆ ನೀನೇ ಹೇಳು, ನಾನು ಬರೀತೀನಿ" ಅಂದಳು. ಮಲಗಿದಲ್ಲಿಂದಲೇ ಹೇಳಿದೆ. ಎಡಗಡೆ ಇವರಿಂದ, ಕೆಳಗೆ ಇವರಿಗೆ. ಮಾನ್ಯರೇ. ವಿಷಯ: ಜ್ವರದ ಕಾರಣ ರಜೆ ಕೋರಿ. ನನಗೆ ನಿನ್ನೆ ರಾತ್ರಿಯಿಂದ ಜ್ವರ ಇರುವುದರಿಂದ ಎರಡು ದಿನ ಪಾಠ ಮಾಡಲು ಆಗುವುದಿಲ್ಲ, ದಯವಿಟ್ಟು ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯ. ಅಲ್ಲಿಗೆ ಬಂದು ನಿಲ್ಲಿಸಿದಳು. ವಿಧೇಯ ಅಂದರೆ ಏನು ಅಂತ ಕೇಳಿದಳು. ಹೇಳಿದೆ. ಅಮ್ಮನಿಗೆ ಅದು ಸರಿ ಹೋಗಲ್ಲ ಅಂದು ಅಳಿಸಿ "ಇಂತಿ ನಿಮ್ಮ ಅಮ್ಮ" ಅಂತ ಬರೆದು ನನ್ನ ಕೈಯಲ್ಲಿ ಸಹಿ ಹಾಕಿಸಿಕೊಂಡಳು. ಕೆಳಗೆ "ಮಂಜೂರು ಮಾಡಲಾಗಿದೆ" ಅಂತ ಇಬ್ಬರೂ ಸಹಿ ಹಾಕಿದರು. ಮಗ ಹಾಕಿದ ಸಹಿ ಕಾಗದದ ಅರ್ಧ ತುಂಬಿತ್ತು.

ಮಂಗಳವಾರ ರಕ್ತ ಕೊಟ್ಟು ಬಂದೆ. ಎನ್‌ಎಸ್‌1 ಪಾಸಿಟಿವ್. ಜ್ವರ ಬಂದ ಮೊದಲ ನಾಲ್ಕೈದು ದಿನದಲ್ಲಿ ಮಾಡಿಸುವ ಪರೀಕ್ಷೆ ಇದು, ವೈರಸ್ಸಿನ ಒಂದು ಪ್ರೋಟೀನು ರಕ್ತದಲ್ಲಿ ಇದೆಯಾ ಅಂತ ನೋಡುತ್ತಾರೆ. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣ, 1,42,000. ಡಾಕ್ಟರು ಹೇಳಿದ್ದನ್ನು ಮಗಳು ಅಲ್ಲೇ ನಿಂತು ಬರೆದುಕೊಂಡಳು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಒಂದಕ್ಕೂ ಇನ್ನೊಂದಕ್ಕೂ ಆರು ಗಂಟೆ ಅಂತರ ಇರಬೇಕು. ಮೈಕೈ ನೋವು ಅಂತ ಆಸ್ಪಿರಿನ್, ಐಬುಪ್ರೊಫೆನ್ ಥರದ್ದು ಮುಟ್ಟಬಾರದು, ರಕ್ತಸ್ರಾವ ಆಗಬಹುದು. ನೀರು, ಗಂಜಿ, ಎಳನೀರು, ಓಆರ್‌ಎಸ್ ಕುಡಿಯುತ್ತಲೇ ಇರಬೇಕು. ದಿನಾ ರಕ್ತ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಮಾತು ಹೇಳಿದರು, ಅದು ನಾನು ಈ ಬರಹ ಬರೆಯಲು ಒಂದು ಕಾರಣ: ಜ್ವರ ಬಿಟ್ಟ ಮೇಲೆ ಹುಷಾರಾಯಿತು ಅಂತ ಅಂದ್ಕೋಬೇಡಿ, ಡೆಂಗಿಯಲ್ಲಿ ಜಾಸ್ತಿ ಎಚ್ಚರ ಬೇಕಾಗಿರುವುದು ಜ್ವರ ಇಳಿದ ಮೇಲಿನ ಒಂದೆರಡು ದಿನ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮೂತ್ರ ಕಡಿಮೆ ಆಗುವುದು, ತೀರಾ ಸುಸ್ತು, ಇದರಲ್ಲಿ ಯಾವುದು ಕಂಡರೂ ತಕ್ಷಣ ಬನ್ನಿ ಅಂದರು.

ಆಮೇಲೆ ಸೊಳ್ಳೆ ಪರದೆ. ರಾತ್ರಿಗಲ್ಲ, ಹಗಲಿಗೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆಗೆ ಮುಂಚೆ. ಜ್ವರ ಇರುವ ನನ್ನನ್ನು ಅದು ಕಚ್ಚಿದರೆ ವೈರಸ್ ಅದರೊಳಗೆ ಹೋಗುತ್ತದೆ, ಕೆಲವು ದಿನ ಬಿಟ್ಟು ಅದೇ ಸೊಳ್ಳೆ ಮಕ್ಕಳನ್ನು ಕಚ್ಚಿದರೆ ಅವರಿಗೂ ಬರುತ್ತದೆ. ಪರದೆ ಕಟ್ಟುವುದು ನನ್ನನ್ನು ಉಳಿಸಲು ಅಲ್ಲ, ಅವರನ್ನು ಉಳಿಸಲು. ಹಾಗೆ ಹಾಲಿನಲ್ಲಿ ಮಂಚದ ಸುತ್ತ ಬಿಳಿ ಪರದೆ ಇಳಿಯಿತು. ನಾನು ಒಳಗೆ, ಅವರಿಬ್ಬರು ಹೊರಗೆ ಚಾಪೆ ಮೇಲೆ.

ಮತ್ತು ನಾನು ಪಾಠ ಮಾಡಿದೆ. ಸಹಿ ಹಾಕಿ ರಜೆ ತಗೊಂಡವಳು, ಬುಧವಾರ ಬೆಳಗ್ಗೆ ಪರದೆಯೊಳಗಿಂದ ಮಗ್ಗಿ ಕೇಳಿದೆ. ಯಾಕೆ ಅಂತ ಈಗ ಯೋಚಿಸಿದರೆ ಸಂಕಟ ಆಗುತ್ತದೆ. ಹಿಂದಿನ ದಿನ ನೆಂಟರೊಬ್ಬರು ಫೋನ್ ಮಾಡಿ, "ಇದಕ್ಕೇ ಹೇಳೋದು ಸ್ಕೂಲಿಗೆ ಹಾಕು ಅಂತ, ಈಗ ನೋಡು, ಮಕ್ಕಳು ಸುಮ್ನೆ ಕೂತಿದ್ದಾವೆ" ಅಂದಿದ್ದರು. ಆ ಮಾತು ಜ್ವರದ ತಲೆಯೊಳಗೆ ಸುತ್ತುತ್ತಿತ್ತು. ಮಕ್ಕಳು ಸುಮ್ಮನೆ ಕೂರಬಾರದು, ಒಂದು ದಿನವೂ ಖಾಲಿ ಹೋಗಬಾರದು. ಏಳೆಂಟಲೆ ಎಷ್ಟು ಅಂತ ಮಗನನ್ನು ಕೇಳಿದೆ. ಅವನು ಐವತ್ನಾಲ್ಕು ಅಂದ. ಇನ್ನೊಮ್ಮೆ ಕೇಳಿದೆ, ಇನ್ನೂ ಏನೋ ಅಂದ. ನಾನು ಕೂಗಿದೆ. ಯಾವತ್ತೂ ಕೂಗದಷ್ಟು ಜೋರಾಗಿ ಕೂಗಿದೆ. ಅವನು ಪರದೆಯ ಆಚೆ ನಿಂತು ಅಳುತ್ತಿದ್ದ, ಮುಟ್ಟಿ ಸಮಾಧಾನ ಮಾಡಲು ಪರದೆ ಎತ್ತಬೇಕು, ಎತ್ತಲು ಏಳಬೇಕು, ಏಳಲು ಆಗುತ್ತಿಲ್ಲ, ಬಟ್ಟೆಯ ಮೇಲಿಂದಲೇ ಅವನ ಕೈ ಹಿಡಿದುಕೊಂಡು ನಾನೂ ಅತ್ತೆ. ಮಗಳು ಪುಸ್ತಕ ಮುಚ್ಚಿ ಎತ್ತಿಟ್ಟಳು. ಮಧ್ಯಾಹ್ನ ಅವಳೇ ಅಜ್ಜಿಗೆ ಫೋನ್ ಮಾಡಿದಳು.

ಅತ್ತೆ ಪಾಂಡವಪುರದ ಕಡೆ ಹಳ್ಳಿಯಲ್ಲಿರುತ್ತಾರೆ. ಸಂಜೆ ಬಸ್ಸಿಗೆ ಬಂದಿಳಿದರು. ಚೀಲದಲ್ಲಿ ರಾಗಿ ಹಿಟ್ಟು, ನುಗ್ಗೆಸೊಪ್ಪು, ನಿಂಬೆಹಣ್ಣು, ಮತ್ತೆ ಒಂದು ಹಿತ್ತಾಳೆ ಪಾವು. ಬಂದವರೇ ಹಣೆ ಮುಟ್ಟಿ ನೋಡಿ, "ಏನವ್ವ, ಜ್ವರದಾಗೂ ಪಾಠ ಮಾಡ್ತಿದ್ಯಂತೆ? ಮಕ್ಕಳು ಎಲ್ಲೂ ಓಡೋಗಲ್ಲ, ಮಲಿಕ್ಕೊ ತಾಯಿ" ಅಂದರು. ಬೈಗುಳ ಅಲ್ಲ ಅದು. ಆದರೂ ಕಣ್ಣಲ್ಲಿ ನೀರು ಬಂತು.

ಗುರುವಾರದಿಂದ ನಾನು ನಿಜವಾಗಿ ಸುಮ್ಮನಾದೆ. ಪ್ಲೇಟ್‌ಲೆಟ್ ಬುಧವಾರ 1,05,000 ಇದ್ದದ್ದು ಅವತ್ತು 78,000ಕ್ಕೆ ಬಂದಿತ್ತು. ಸುಮ್ಮನಾಗದೆ ಬೇರೆ ದಾರಿಯೂ ಇರಲಿಲ್ಲ. ಪರದೆಯೊಳಗೆ ಕಣ್ಣು ಮುಚ್ಚಿ ಮಲಗಿ, ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಕಿವಿಯಲ್ಲೇ ಕೇಳುತ್ತಿದ್ದೆ. ಐದು ವರ್ಷದಲ್ಲಿ ನನ್ನ ಮಕ್ಕಳು ನಾನಿಲ್ಲದೆ ಏನು ಮಾತಾಡುತ್ತಾರೆ ಅಂತ ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು.

ಅಡುಗೆಮನೆಯಲ್ಲಿ ಅತ್ತೆ ಗಂಜಿಗೆ ಅಕ್ಕಿ ಅಳೆಯುತ್ತಿದ್ದರು. ಮಗಳು ಪಾವಿನ ಬಗ್ಗೆ ಕೇಳಿದಳು. ನಾಲ್ಕು ಪಾವು ಸೇರಿದರೆ ಒಂದು ಸೇರು, ಎರಡು ಪಾವು ಅಚ್ಚೇರು ಅಂದರು ಅತ್ತೆ. "ಹಾಗಾದ್ರೆ ಪಾವು ಅಂದ್ರೆ ಸೇರಿನ ಕಾಲು ಭಾಗ" ಅಂದಳು ಇವಳು. ಹೂಂ, ಈಗ ನಿಮ್ಮಮ್ಮಂಗೆ ಅರ್ಧ ಪಾವು ಸಾಕು, ಅದು ಸೇರಲ್ಲಿ ಎಷ್ಟು ಹೇಳು? ಇವಳು ಸುಮ್ಮನಾದಳು. ಅತ್ತೆಯೇ ಹೇಳಿದರು, ಅರೆಕಾಲು. ಕಾಲಿನ ಅರ್ಧ ಅರೆಕಾಲು, ಅರೆಕಾಲಿನ ಅರ್ಧ ವೀಸ. ಒಂದು ತಿಂಗಳಿಂದ ನಾನು ಬಣ್ಣದ ಕಾಗದ ಕತ್ತರಿಸಿ, ವೃತ್ತ ಬರೆದು, ಎಂಟರಲ್ಲಿ ಒಂದು, ಹದಿನಾರರಲ್ಲಿ ಒಂದು ಅಂತ ತೋರಿಸುತ್ತಿದ್ದೆ. ಛೇದ ದೊಡ್ಡದಾದರೆ ಭಾಗ ಯಾಕೆ ಚಿಕ್ಕದಾಗುತ್ತದೆ ಅನ್ನುವುದು ಅವಳ ತಲೆಗೆ ಹೋಗುತ್ತಲೇ ಇರಲಿಲ್ಲ. ಇಲ್ಲಿ ಆ ಭಾಗಕ್ಕೆ ಒಂದು ಹೆಸರಿದೆ. ಕೈಯಲ್ಲಿ ಹಿಡಿಯಬಹುದು, ಅಕ್ಕಿ ತುಂಬಬಹುದು, ಮೇಲೆ ಕೈಯಾಡಿಸಿ ತಲೆಗಟ್ಟಬಹುದು. ಎರಡು ಅರೆಕಾಲು ಸೇರಿದರೆ ಕಾಲು, ನಾಲ್ಕು ವೀಸ ಸೇರಿದರೂ ಕಾಲು ಅಂತ ಅವಳು ಜೋರಾಗಿ ಹೇಳುತ್ತಾ ಅಕ್ಕಿ ಸುರಿದು ನೋಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಅತ್ತೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರು ಕೂಲಿ ಲೆಕ್ಕ, ಹಾಲಿನ ಲೆಕ್ಕ ಎಲ್ಲ ಈ ಕಾಲು ಮುಕ್ಕಾಲಿನಲ್ಲೇ ಹಾಕುತ್ತಾರೆ ಅನ್ನುವುದು ನನಗೆ ಮದುವೆಯಾದಾಗಿನಿಂದ ಗೊತ್ತಿತ್ತು. ಅದನ್ನು ಗಣಿತ ಅಂತ ನಾನು ಯಾವತ್ತೂ ನೋಡಿರಲಿಲ್ಲ, ಅದಕ್ಕೆ ಅವರ ಕ್ಷಮೆ ಕೇಳಬೇಕು ಅನ್ನಿಸಿತು.

ಮಗನಿಗೆ ಅತ್ತೆ ಒಂದು ಕೆಲಸ ಕೊಟ್ಟಿದ್ದರು. ನಾನು ಕುಡಿದ ಪ್ರತಿ ಲೋಟಕ್ಕೂ ಅವನು ಸ್ಲೇಟಿನ ಮೇಲೆ ಒಂದು ಗೆರೆ ಎಳೆಯಬೇಕು. ಲೋಟ 200 ಮಿಲಿಲೀಟರಿನದು, ಐದು ಲೋಟ ಒಂದು ಲೀಟರ್. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಎಳೆದರೆ ಲೀಟರ್ ಲೆಕ್ಕ ಸಿಗುತ್ತದೆ ಅಂತ ಅಕ್ಕ ಹೇಳಿಕೊಟ್ಟಿದ್ದಳು. ಪರದೆಯ ಹತ್ತಿರ ಬಂದು "ಅಮ್ಮಾ, ಇನ್ನು ಮೂರು ಗೆರೆ ಬಾಕಿ" ಅನ್ನುತ್ತಿದ್ದ. ಮೂತ್ರಕ್ಕೆ ಹೋಗಿ ಬಂದರೆ ಅದಕ್ಕೂ ಒಂದು ಸೊನ್ನೆ ಬರೆಯುತ್ತಿದ್ದ. ಅವನಿಗೆ ಅದರಲ್ಲಿ ನಾಚಿಕೆ ಏನೂ ಇರಲಿಲ್ಲ, ಡಾಕ್ಟರು ಕೇಳುತ್ತಾರಲ್ಲ. ಮಾತ್ರೆಯ ಹೊತ್ತು ನೋಡುವುದು, ಜ್ವರ ಬರೆಯುವುದು ಮಗಳ ಕೆಲಸ. ಫ್ಯಾರನ್‌ಹೀಟಿನಲ್ಲಿ ಬಂದದ್ದನ್ನು ಅವಳೇ ಸೆಲ್ಸಿಯಸ್ಸಿಗೆ ತಿರುಗಿಸುತ್ತಿದ್ದಳು. 103ರಲ್ಲಿ 32 ಕಳೆದರೆ 71, ಅದನ್ನು ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದರೆ 39.4. ಯಾರೂ ಮಾಡು ಅಂದಿರಲಿಲ್ಲ.

ಬೀದಿಯವರು ಬಂದು ಪಪ್ಪಾಯಿ ಎಲೆಯ ರಸ ಕುಡಿಸಿ ಅಂದರು. ಒಬ್ಬರು ಎಲೆಯನ್ನೇ ತಂದುಕೊಟ್ಟರು. ಪ್ರೀತಿಯಿಂದ ತಂದದ್ದು. ಆದರೆ ಹೊಟ್ಟೆ ಮೊದಲೇ ತೊಳೆಸುತ್ತಿತ್ತು, ಆ ಕಹಿ ಕುಡಿದು ವಾಂತಿಯಾದರೆ ಕುಡಿದ ನೀರೂ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರಿಂದ ಬಿಟ್ಟೆವು. ಮದ್ದೂರಿನಿಂದ ಬಂದ ಎಳನೀರಿಗೆ ಇಲ್ಲಿ ಕೊರತೆ ಇಲ್ಲ, ಅದೇ ಒಳಗೆ ನಿಲ್ಲುತ್ತಿತ್ತು.

ಅದೇ ಗುರುವಾರ ಆಶಾ ಕಾರ್ಯಕರ್ತೆ ಬಂದರು. ಡೆಂಗಿ ಇರುವ ಮನೆ ಅಂತ ಗೊತ್ತಾದರೆ ಅಕ್ಕಪಕ್ಕವನ್ನೂ ನೋಡಬೇಕಲ್ಲ. ಟಾರ್ಚ್ ಹಿಡಿದು ಸಂಪು, ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ತಾರಸಿ ಮೇಲಿನ ತೆಂಗಿನ ಚಿಪ್ಪು ಎಲ್ಲ ನೋಡುತ್ತಾ ಬಂದರು. ಮಕ್ಕಳು ಅವರ ಹಿಂದೆ. ಕೊನೆಗೆ ಕಿಟಕಿಯ ಹತ್ತಿರ ನಿಂತರು. ನಮ್ಮ ಗೆಣಸಿನ ಲೋಟ. ಟಾರ್ಚ್ ಬಿಟ್ಟಾಗ ನೀರಿನಲ್ಲಿ ದಾರದ ತುಂಡಿನಂಥವು ಕೊಂಕಿಕೊಂಡು ಕೆಳಗೆ ಓಡಿದವು.

ನನಗೆ ಆ ಕ್ಷಣ ಮೈಯೆಲ್ಲ ತಣ್ಣಗಾಯಿತು. ಪಾಠಕ್ಕೆ ಅಂತ ಇಟ್ಟ ಲೋಟ. ಎರಡು ವಾರದಿಂದ ನೀರು ಬದಲಾಯಿಸಿರಲಿಲ್ಲ. ಬೇರು ಬರುತ್ತಿದೆ, ಮುಟ್ಟಬೇಡಿ ಅಂದವಳು ನಾನೇ. ಆ ಹೆಂಗಸು ಬೈಯಲಿಲ್ಲ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ಮೇಲೆ ಇಂಥದ್ದಕ್ಕೆ ದಂಡವನ್ನೂ ಹಾಕಬಹುದು. ಅವರು ಮಕ್ಕಳನ್ನು ಕೂರಿಸಿಕೊಂಡು ತೋರಿಸಿದರು. ಇದು ಲಾರ್ವ, ತಲೆ ಕೆಳಗೆ ಮಾಡಿ ಬಾಲದ ಕಡೆಯ ಕೊಳವೆಯಲ್ಲಿ ಉಸಿರಾಡುತ್ತದೆ. ಇದು ಪ್ಯೂಪ, ಅಲ್ಪವಿರಾಮದ ಹಾಗೆ ಇದೆ ನೋಡಿ, ಇದು ಏನೂ ತಿನ್ನುವುದಿಲ್ಲ, ಎರಡು ದಿನದಲ್ಲಿ ಸೊಳ್ಳೆಯಾಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು, ಅದಕ್ಕೇ ವಾರಕ್ಕೊಮ್ಮೆ ಎಲ್ಲ ನೀರು ಚೆಲ್ಲಿ ಒಣಗಿಸಿ ಅಂತ ನಾವು ಹೇಳೋದು. ಬರೀ ಚೆಲ್ಲಿದರೆ ಸಾಲದು, ಉಜ್ಜಬೇಕು, ನೀರಿನ ಅಂಚಿಗೆ ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ. ಹೋಗುವಾಗ ಬಾಗಿಲ ಪಕ್ಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದರು.

ಆ ತಾರೀಖು ನೋಡಿ ಅತ್ತೆ ನಿಂತುಬಿಟ್ಟರು. ಅವರು ಚಿಕ್ಕವರಿದ್ದಾಗ ಊರಿಗೆ ಡಿಡಿಟಿ ಹೊಡೆಯೋರು ಬರುತ್ತಿದ್ದರಂತೆ. ಒಳಗಿನ ಪಾತ್ರೆ ಪಗಡೆ ಎಲ್ಲ ಅಂಗಳಕ್ಕೆ ಹಾಕಿ, ಗೋಡೆಗೆಲ್ಲ ಬಿಳಿ ಬಿಳಿ ಹೊಡೆದು, ಹೋಗುವಾಗ ಹೀಗೇ ಗೋಡೆ ಮೇಲೆ ತಾರೀಖು ಬರೆಯುತ್ತಿದ್ದರು. ಅದು ಮಲೇರಿಯಾಕ್ಕೆ. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮ ಆಯಿತು, ಅತ್ತೆ ನೋಡಿದ್ದು ಆಮೇಲಿನ ವರ್ಷಗಳನ್ನು. "ವಿಸಿ ನಾಲೆ ಬಂತು, ಭತ್ತ ಬಂತು, ಕಬ್ಬು ಬಂತು, ಜೊತೇಲಿ ಚಳಿಜ್ವರನೂ ಬಂತು ಅಂತ ನಮ್ಮಪ್ಪ ಹೇಳೋರು" ಅಂದರು. ಆಗ ಅದಕ್ಕೆ ಇರ್ವಿನ್ ನಾಲೆ ಅಂತಿದ್ದರು, ಈಗ ವಿಶ್ವೇಶ್ವರಯ್ಯ ನಾಲೆ. ನಾನು ಮಕ್ಕಳಿಗೆ ಕೆಆರ್‌ಎಸ್ ಕಟ್ಟಿದ ಕಥೆ ಹೇಳಿದ್ದೆ. 1911ರಲ್ಲಿ ಕೆಲಸ ಶುರುವಾದದ್ದು, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ, ವಿಶ್ವೇಶ್ವರಯ್ಯನವರು ಇಟ್ಟ ತಾವೇ ತೆರೆಯುವ ಗೇಟು. ನೀರು ಬಂದ ಮೇಲೆ ಊರೂರಿಗೆ ಏನಾಯಿತು ಅಂತ ಹೇಳಿರಲಿಲ್ಲ. ಅದು ಅತ್ತೆಯ ಬಾಯಲ್ಲಿ ಬಂತು. ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತಗೊಂಡು ಹೋಗುತ್ತಿದ್ದದ್ದು, ಕಹಿ ಮಾತ್ರೆ ನುಂಗಿಸಿ ಬಾಯಿ ತೆರೆಸಿ ನೋಡುತ್ತಿದ್ದದ್ದು. ಮಗ ಬಾಯಿ ತೆರೆದು ತೋರಿಸಿದ. ಮಗಳು ನೋಟ್‌ಬುಕ್ ತಂದು ಬರೆದುಕೊಳ್ಳಲು ಶುರು ಮಾಡಿದಳು.

ರಾತ್ರಿ ನಾನು ಅವಳಿಗೆ ಹೇಳಿದೆ, ಆ ಗೆಣಸಿನ ಲೋಟದಿಂದಲೇ ನನಗೆ ಜ್ವರ ಬಂತೇನೋ, ನನ್ನದೇ ತಪ್ಪು. ಅವಳು ತುಂಬ ಹೊತ್ತು ಯೋಚಿಸಿದಳು. "ಹಾಗೆ ಹೇಳಕ್ಕಾಗಲ್ಲ ಅಮ್ಮ" ಅಂದಳು. ಆ ಸೊಳ್ಳೆ ಹುಟ್ಟಿದ ಮೇಲೆ ಜ್ವರ ಇರುವ ಬೇರೆ ಯಾರನ್ನಾದರೂ ಕಚ್ಚಬೇಕು, ಆಮೇಲೆ ವಾರದ ಮೇಲೆ ಅದರೊಳಗೆ ವೈರಸ್ ಬೆಳೆಯಬೇಕು, ಆಮೇಲೆ ನಿನ್ನನ್ನು ಕಚ್ಚಬೇಕು, ಕಚ್ಚಿ ನಾಲ್ಕರಿಂದ ಹತ್ತು ದಿನಕ್ಕೆ ಜ್ವರ ಬರಬೇಕು. ನಾವು ಗೆಣಸು ಇಟ್ಟು ಎರಡೇ ವಾರ ಆಗಿದ್ದು. ಮೊಟ್ಟೆ ಸೊಳ್ಳೆಯಾಗುವುದಕ್ಕೇ ಒಂದು ವಾರ ಹೋಗುತ್ತದೆ. ಲೆಕ್ಕ ಕೂಡಲ್ಲ. ಬೆರಳು ಮಡಚಿ ದಿನ ಎಣಿಸಿ ತೋರಿಸಿದಳು. ನನಗೆ ಸಮಾಧಾನ ಆಗಲಿ ಅಂತ ಹೇಳಿದ್ದಲ್ಲ ಅದು. ಲೆಕ್ಕ ಕೂಡುತ್ತಿದ್ದರೆ ಹೌದು ಅಂತಲೂ ಅಷ್ಟೇ ಶಾಂತವಾಗಿ ಹೇಳುತ್ತಿದ್ದಳು. ಆದರೂ ಮಾರನೆಯ ಬೆಳಗ್ಗೆ ತೆಂಗಿನ ನಾರು ತಗೊಂಡು ಮನೆಯ ಎಲ್ಲ ಡ್ರಮ್ಮನ್ನೂ ಉಜ್ಜಿದಳು.

ಶುಕ್ರವಾರ ಜ್ವರ ಇಳಿಯಿತು. 98.6. ಮನೆಯವರು ಫೋನಿನಲ್ಲಿ ಖುಷಿಪಟ್ಟರು. ನಾನು ಎದ್ದು ಕೂತು ಎರಡು ಇಡ್ಲಿ ತಿಂದೆ. ಸಂಜೆಗೆ ಹೊಟ್ಟೆ ಹಿಡಿದುಕೊಂಡಿತು, ಎರಡು ಸಲ ವಾಂತಿ ಆಯಿತು. ನಾನು ಇಡ್ಲಿ ಜೀರ್ಣ ಆಗಿಲ್ಲ ಅಂದೆ. ಮಗಳು ಮಂಗಳವಾರದ ಪುಟ ತೆರೆದು ಅಜ್ಜಿಗೆ ಓದಿ ಹೇಳಿದಳು: ಜ್ವರ ಬಿಟ್ಟ ಮೇಲೆ, ಹೊಟ್ಟೆನೋವು, ವಾಂತಿ, ತಕ್ಷಣ ಬನ್ನಿ. ಅತ್ತೆ ಇನ್ನೊಂದು ಮಾತಾಡದೆ ಆಟೋ ಕರೆಸಿದರು. ಪ್ಲೇಟ್‌ಲೆಟ್ 52,000. ಆದರೆ ಡಾಕ್ಟರಿಗೆ ಅದಕ್ಕಿಂತ ಜಾಸ್ತಿ ಚಿಂತೆ ಇದ್ದದ್ದು ರಕ್ತ ಗಟ್ಟಿಯಾಗುತ್ತಿರುವುದರ ಬಗ್ಗೆ. ಡೆಂಗಿಯಲ್ಲಿ ರಕ್ತನಾಳದಿಂದ ನೀರಿನಂಶ ಸೋರಿ ಹೊರಗೆ ಹೋಗುತ್ತದೆ, ಒಳಗೆ ಉಳಿದ ರಕ್ತ ಮಂದವಾಗುತ್ತದೆ, ರಕ್ತದಲ್ಲಿ ಕೆಂಪು ಕಣದ ಪಾಲು ಎಷ್ಟು ಅಂತ ಹೇಳುವ ಪಿಸಿವಿ ಅನ್ನುವ ಸಂಖ್ಯೆ ಏರುತ್ತದೆ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾರೆ, ಈ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ. ಸೇರಿಸಿಕೊಂಡು ಡ್ರಿಪ್ ಹಾಕಿದರು. ಇನ್ನು ಅರ್ಧ ದಿನ ಇಡ್ಲಿ ಅಂತ ಕೂತಿದ್ದರೆ ಕಷ್ಟ ಆಗುತ್ತಿತ್ತು ಅಂದರು.

ಶನಿವಾರ 46,000. ಡ್ರಿಪ್ಪಿನ ಹನಿ ಎಣಿಸುತ್ತಾ ಮಲಗಿದ್ದೆ. ಮನೆಯವರು ಪಕ್ಕದಲ್ಲಿದ್ದರು. ಮಧ್ಯಾಹ್ನ ಸ್ವಲ್ಪ ಹಾಯೆನಿಸಿದಾಗ ಮನೆಗೆ ಫೋನ್ ಮಾಡಿದೆ. ಬಾಯಿಗೆ ಮೊದಲು ಬಂದದ್ದು ಊಟ ಆಯ್ತಾ ಅಂತಲ್ಲ, "ಇವತ್ತು ಏನು ಮಾಡಿದ್ರಿ?" ಅಂತ. ಆ ಪ್ರಶ್ನೆಯ ಅರ್ಥ ಅವಳಿಗೆ ಗೊತ್ತು.

"ಏನೂ ಮಾಡಿಲ್ಲ ಅಮ್ಮ. ಬೆಳಗ್ಗೆಯಿಂದ ಚೌಕಾಬಾರ ಆಡ್ತಿದೀವಿ. ಅಜ್ಜಿ ಮೂರು ಸಲ ಗೆದ್ರು."

ನಾನು ಸುಮ್ಮನಿದ್ದೆ. ಚೌಕಾಬಾರದಲ್ಲೂ ಎಣಿಕೆ ಇದೆ, ಅದೂ ಪಾಠವೇ ಅಂತ ಹೇಳಿಕೊಳ್ಳಲು ನೋಡಿದೆ. ನಮ್ಮಂಥವರಿಗೆ ಇದು ಅಭ್ಯಾಸ ಆಗಿಬಿಟ್ಟಿದೆ, ಮಗು ಏನು ಮಾಡಿದರೂ ಅದಕ್ಕೊಂದು ವಿಷಯದ ಹೆಸರು ಅಂಟಿಸುತ್ತೇವೆ. ಆಮೇಲೆ ಬೇಡ ಅನ್ನಿಸಿತು. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಎರಡು ಮಕ್ಕಳು ಅಜ್ಜಿಯ ಜೊತೆ ಕವಡೆ ಉರುಳಿಸುತ್ತಾ ಆ ಹೆದರಿಕೆಯನ್ನು ಕಳೆಯುತ್ತಿದ್ದಾರೆ. ಅದು ಪಾಠ ಆಗಬೇಕಾಗಿಲ್ಲ. ಪಾವಿನ ಲೆಕ್ಕ ಬಂತು, ಗೋಡೆ ಮೇಲಿನ ತಾರೀಖು ಬಂತು, ಸಂತೋಷ. ಅದು ಬರದಿದ್ದರೂ ಆ ವಾರ ಹಾಳಾಯಿತು ಅಂತ ನಾನು ಅಂದುಕೊಳ್ಳಬಾರದಿತ್ತು. ಮನೆಯಲ್ಲಿ ಕಲಿಸುವ ಬೇರೆ ತಾಯಂದಿರಿಗೂ, ಅಲ್ಲೊಬ್ಬರು ಇಲ್ಲೊಬ್ಬರು ಅಪ್ಪಂದಿರಿಗೂ ನಾನು ಇದನ್ನೇ ಹೇಳಬೇಕು ಅಂದುಕೊಂಡಿದ್ದೇನೆ. ಶಾಲೆಯ ಮಕ್ಕಳಿಗೆ ಮಳೆ ಜೋರಾದರೆ ರಜೆ, ಯಾರೋ ತೀರಿಕೊಂಡರೆ ರಜೆ. ನಾವು ರಜೆ ಕೊಡಲು ಹೆದರುತ್ತೇವೆ, ಯಾಕೆಂದರೆ ಯಾರೋ ನೋಡುತ್ತಿದ್ದಾರೆ, ಕೇಳುತ್ತಿದ್ದಾರೆ, ಲೆಕ್ಕ ಇಡುತ್ತಿದ್ದಾರೆ ಅಂತ ನಮಗೆ ಯಾವಾಗಲೂ ಅನ್ನಿಸುತ್ತಿರುತ್ತದೆ.

"ಅಮ್ಮಾ, ಇದ್ದೀಯಾ?" ಅಂದಳು ಮಗಳು. "ನಿನ್ನ ರಜೆ ಬರೀ ಎರಡು ದಿನದ್ದು ಇತ್ತು. ನಾವು ಮಂಗಳವಾರದವರೆಗೆ ಮಾಡಿದೀವಿ. ಆಮೇಲೆ ಬೇಕಾದ್ರೆ ಇನ್ನೊಂದು ಅರ್ಜಿ ಬರೆಯೋಣ."

ಭಾನುವಾರ 61,000 ಆಯಿತು, ಸೋಮವಾರ 94,000. ಸೋಮವಾರ ಮಧ್ಯಾಹ್ನ ಮನೆಗೆ ಬಂದೆ. ಗೋಡೆಯ ಮೇಲಿನ ಗ್ರಾಫಿನಲ್ಲಿ ಈಗ ಎರಡು ಗೆರೆ ಇದ್ದವು. ನೀಲಿ ಗೆರೆ ಕೆಆರ್‌ಎಸ್, ಕೆಂಪು ಗೆರೆ ನನ್ನ ಪ್ಲೇಟ್‌ಲೆಟ್. ಆ ವಾರ ಕೊಡಗಿನಲ್ಲಿ ಮಳೆ ಚೆನ್ನಾಗಿತ್ತು, ನೀಲಿ ಗೆರೆ ದಿನಾ ಏರಿದೆ, ಕೆಂಪು ಗೆರೆ ದಿನಾ ಇಳಿದಿದೆ, ಗುರುವಾರದ ಹತ್ತಿರ ಎರಡೂ ಒಂದನ್ನೊಂದು ದಾಟಿವೆ. ಮಗನಿಗೆ ಇದು ಭಯ ಹುಟ್ಟಿಸಿತ್ತಂತೆ. ಅಣೆಕಟ್ಟೆ ತುಂಬಿದಷ್ಟೂ ಅಮ್ಮನ ರಕ್ತ ಕಡಿಮೆಯಾಗುತ್ತದೆ ಅಂತ ಅವನು ಅಂದುಕೊಂಡಿದ್ದ. ಶನಿವಾರ ರಾತ್ರಿ ಮಳೆ ನಿಲ್ಲಲಿ ಅಂತ ಅಜ್ಜಿಯ ಜೊತೆ ಕೈ ಮುಗಿದಿದ್ದಾನೆ. ಮಂಡ್ಯದಲ್ಲಿ ಮಳೆ ನಿಲ್ಲಲಿ ಅಂತ ಕೈ ಮುಗಿದ ಮಗು ಇನ್ನೊಂದು ಇರಲಾರದು. ಭಾನುವಾರ ಎರಡೂ ಗೆರೆ ಒಟ್ಟಿಗೆ ಮೇಲೆ ಹೋದಾಗ ಅಕ್ಕ ಅವನನ್ನು ಕೂರಿಸಿಕೊಂಡು, ನೋಡು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಒಂದೇ ಹಾಳೆ ಮೇಲೆ ಬರೆದಿದ್ದೀವಿ ಅಷ್ಟೆ ಅಂತ ಹೇಳಿದ್ದಾಳೆ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಜ್ವರ ಹೋಗಿ ಮೂರು ದಿನ ಆಗಿತ್ತು, ಪರದೆ ಬಿಚ್ಚಿ ಮಡಚಿ ಇಟ್ಟಿದ್ದರು.

ಸುಸ್ತು ಇನ್ನೂ ಇದೆ. ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತದೆ, ಕೂದಲು ಕೈಗೆ ಬರುತ್ತಿದೆ, ಡೆಂಗಿ ಆದ ಮೇಲೆ ಕೆಲವು ವಾರ ಹೀಗಿರುತ್ತದಂತೆ. ಮನೆಯವರು ಈಗ ಶನಿವಾರದ ಪಾಠ ತಾವೇ ನೋಡಿಕೊಳ್ಳುತ್ತಾರೆ, ನನ್ನ ಮೈ ಚೆನ್ನಾಗಿದ್ದರೂ ಸರಿ. ಅತ್ತೆ ತಿಂಗಳಿಗೆ ಒಂದು ವಾರ ಬಂದು ಇರಲು ಒಪ್ಪಿದ್ದಾರೆ, ಹಿತ್ತಾಳೆ ಪಾವನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ಫ್ರಿಜ್ಜಿನ ಮೇಲೆ ವೇಳಾಪಟ್ಟಿ ಇದ್ದ ಜಾಗದಲ್ಲಿ ಈಗ ಡಾಕ್ಟರ ನಂಬರು, ಆಟೋದವರ ನಂಬರು, ಅಜ್ಜಿಯ ನಂಬರು, ಅಪಾಯದ ಲಕ್ಷಣಗಳು, ಎಲ್ಲ ಮಗಳ ಅಕ್ಷರದಲ್ಲಿ ಇವೆ. ವೇಳಾಪಟ್ಟಿ ಪಕ್ಕಕ್ಕೆ ಹೋಗಿದೆ. ಗೆಣಸನ್ನು ಹಿತ್ತಲಲ್ಲಿ ಮಣ್ಣಿಗೆ ಹಾಕಿದ್ದೇವೆ.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ನಾನೇ ಪುಸ್ತಕ ತೆರೆದು ಕೂತೆ. ಮಗಳು ಬಂದು ಗೋಡೆ ಗಡಿಯಾರ ನೋಡಿದಳು. "ಅರ್ಧ ಗಂಟೆ ಮಾತ್ರ ಅಮ್ಮ, ಆಮೇಲೆ ನೀನು ಮಲಗಬೇಕು." ಮಗ ನೀರಿನ ಲೋಟ ತಂದು ಪಕ್ಕದಲ್ಲಿಟ್ಟು ಸ್ಲೇಟಿನ ಮೇಲೆ ಒಂದು ಗೆರೆ ಎಳೆದ. ಕುಡಿದ ಮೇಲೆ ಎಳೀಬೇಕು ಕಣೋ ಅಂದಳು ಅಕ್ಕ. ಅವನು ಅಳಿಸಿ, ಬಳಪ ಹಿಡಿದುಕೊಂಡು, ನಾನು ಕುಡಿಯುವುದನ್ನೇ ನೋಡುತ್ತಾ ನಿಂತ.